ಕ್ಯಾನ್ಸರ್ ಔಷಧ ಪರೀಕ್ಷೆ: ಕಬಿನಿ ದಡದವರ ಲೆಕ್ಕ ಎಲ್ಲಿ?

ಮರಕ್ಕಡವು (ವಯನಾಡು): ಕಬಿನಿಯ ಈ ದಡ ಕೇರಳ, ಆ ದಡ ಎಚ್.ಡಿ. ಕೋಟೆ ತಾಲ್ಲೂಕಿನ ಬೈರಕುಪ್ಪೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ. ಇಂಥ ಊರಿನವರಿಗೆ ಕ್ಯಾನ್ಸರ್ ಬಂತು ಅಂದ್ರೆ ಮೊದಲ ಚಿಂತೆ, ಯಾವ ಕಡೆ ಹೋಗೋದು ಎಂಬುದು. ನಲ್ಲೂರುನಾಡಿನ ಸರ್ಕಾರಿ ಕ್ಯಾನ್ಸರ್ ಕೇಂದ್ರಕ್ಕೋ, ಘಟ್ಟ ಇಳಿದು ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೋ, ಬೆಂಗಳೂರಿನ ಕಿದ್ವಾಯಿಗೋ? ಇದರ ಹಿಂದೆಯೇ ಇನ್ನೊಂದು ಪ್ರಶ್ನೆ ಇದೆ. ಅದನ್ನು ಕೇಳುವವರು ಕಡಿಮೆ. ಅಲ್ಲಿ ಕೊಡುವ ಔಷಧವನ್ನು ಮೊದಲು ಯಾರ ಮೇಲೆ ಪರೀಕ್ಷಿಸಿ ನೋಡಿದ್ದಾರೆ?

ಯಾವುದೇ ಹೊಸ ಔಷಧ ಮಾರುಕಟ್ಟೆಗೆ ಬರುವ ಮುನ್ನ ರೋಗಿಗಳ ಮೇಲೆ ಹಂತ ಹಂತವಾಗಿ ಪರೀಕ್ಷೆ ನಡೆಯಬೇಕು. ಇದೇ ಕ್ಲಿನಿಕಲ್ ಟ್ರಯಲ್. ಎಷ್ಟು ಡೋಸ್ ಕೊಡಬೇಕು, ಅಡ್ಡ ಪರಿಣಾಮ ಏನು ಎಂಬುದು ತೀರ್ಮಾನವಾಗುವುದು ಇಲ್ಲಿ. ಪರೀಕ್ಷೆಯಲ್ಲಿ ಒಂದೇ ಬಗೆಯ ಜನ ಇದ್ದರೆ ಉತ್ತರವೂ ಅವರಿಗಷ್ಟೇ ಸರಿಹೊಂದುವ ಅಪಾಯವಿದೆ.

ಅಮೆರಿಕದಲ್ಲೂ ಇದೇ ಕಥೆ. ಅಲ್ಲಿನ ಜನಸಂಖ್ಯೆಯಲ್ಲಿ ಕಪ್ಪು ವರ್ಣೀಯರು ಶೇ 13ರಷ್ಟಿದ್ದಾರೆ. ಆದರೆ 2008ರಿಂದ 2018ರವರೆಗೆ ಮಂಜೂರಾದ ಕ್ಯಾನ್ಸರ್ ಔಷಧಗಳ ಟ್ರಯಲ್‌ಗಳ ಪೈಕಿ ಜನಾಂಗದ ವಿವರ ನೀಡಿದ್ದವುಗಳಲ್ಲಿ ಅವರ ಪಾಲು ಶೇ 3ರಷ್ಟು ಮಾತ್ರ. ಎಷ್ಟೋ ಟ್ರಯಲ್‌ಗಳು ಆ ವಿವರವನ್ನೇ ಕೊಟ್ಟಿರಲಿಲ್ಲ.

ಒಂದು ಮಾತ್ರೆಯ ಪಾಠ

ಶ್ವಾಸಕೋಶದ ಕ್ಯಾನ್ಸರಿಗೆ ಜೆಫಿಟಿನಿಬ್ ಎಂಬ ಮಾತ್ರೆ ಬಂತು. 1,692 ರೋಗಿಗಳ ಮೇಲೆ ನಡೆದ ದೊಡ್ಡ ಟ್ರಯಲ್‌ನ ಫಲಿತಾಂಶ 2005ರಲ್ಲಿ ಪ್ರಕಟವಾದಾಗ, ಒಟ್ಟಾರೆ ಲೆಕ್ಕದಲ್ಲಿ ರೋಗಿಗಳ ಆಯುಷ್ಯ ಹೆಚ್ಚಿದ್ದು ಖಚಿತವಾಗಲಿಲ್ಲ. ಅಮೆರಿಕದಲ್ಲಿ ಅದರ ಬಳಕೆಗೆ ಕಡಿವಾಣ ಬಿತ್ತು. ಆದರೆ ಅದೇ ಟ್ರಯಲ್‌ನಲ್ಲಿದ್ದ ಏಷ್ಯಾ ಮೂಲದ 342 ಮಂದಿಯನ್ನು ಬೇರೆಯಾಗಿ ನೋಡಿದಾಗ ಅವರು ಹೆಚ್ಚು ಕಾಲ ಬದುಕಿದ್ದರು! ಗಡ್ಡೆಯ ಜೀನ್‌ನಲ್ಲಿರುವ ಒಂದು ಬದಲಾವಣೆ ಇದಕ್ಕೆ ಕಾರಣ, ಅದು ಏಷ್ಯಾದವರಲ್ಲಿ ಹೆಚ್ಚು ಎಂಬುದು ಪೂರ್ವ ಏಷ್ಯಾದಲ್ಲಿ ನಡೆಸಿ 2009ರಲ್ಲಿ ಪ್ರಕಟಿಸಿದ ಇನ್ನೊಂದು ಟ್ರಯಲ್‌ನಿಂದ ಸ್ಪಷ್ಟವಾಯಿತು. ಆ 342 ಮಂದಿ ಇರದಿದ್ದರೆ ಒಳ್ಳೆಯ ಔಷಧವೊಂದು ಮೂಲೆ ಸೇರುತ್ತಿತ್ತೇನೋ.

ವಯನಾಡಿನ ರಕ್ತದ ಕಥೆ

ಮರಕ್ಕಡವಿಗೂ ಇದಕ್ಕೂ ಏನು ಸಂಬಂಧ ಎನ್ನಬಹುದು. ಸಂಬಂಧ ರಕ್ತದಲ್ಲೇ ಇದೆ. 2011ರ ಜನಗಣತಿ ಪ್ರಕಾರ ವಯನಾಡಿನಲ್ಲಿ ಪರಿಶಿಷ್ಟ ಪಂಗಡದವರು ಶೇ 18.5. ಇಡೀ ಕೇರಳದಲ್ಲಿ ಇದು ಶೇ 1.5 ಕೂಡ ಇಲ್ಲ. ಇಲ್ಲಿನ ಪಣಿಯ, ಕುರುಮ ಬುಡಕಟ್ಟುಗಳಲ್ಲಿ ಹಾಗೂ ವಯನಾಡನ್ ಚೆಟ್ಟಿ ಸಮುದಾಯದಲ್ಲಿ ಸಿಕಲ್ ಸೆಲ್ ಅನೀಮಿಯಾ ಕಾಣಿಸಿಕೊಳ್ಳುತ್ತದೆ. ಮಲಯಾಳದಲ್ಲಿ ಇದಕ್ಕೆ ಅರಿವಾಳ್ ರೋಗ ಎನ್ನುತ್ತಾರೆ. ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗುವ, ವಂಶದಲ್ಲಿ ಬರುವ ಕಾಯಿಲೆ ಇದು.

ಕಿಮೋಥೆರಪಿ ಆದ ಮೇಲೆ ಬಿಳಿ ರಕ್ತಕಣ ಏರಿಸಲು ಫಿಲ್‌ಗ್ರಾಸ್ಟಿಮ್ ಎಂಬ ಇಂಜೆಕ್ಷನ್ ಕೊಡುವುದುಂಟು. ಸಿಕಲ್ ಸೆಲ್ ಇರುವವರಿಗೆ ಇದರಿಂದ ತೀವ್ರ ನೋವು, ಕೆಲವೊಮ್ಮೆ ಪ್ರಾಣಾಪಾಯವೂ ಆಗಬಹುದು ಎಂಬ ಎಚ್ಚರಿಕೆ ಔಷಧದ ಮಾಹಿತಿ ಪತ್ರದಲ್ಲೇ ಇದೆ. ಹಾಗಂತ ಚಿಕಿತ್ಸೆ ಬಿಡಬೇಕಾಗಿಲ್ಲ. ಮನೆತನದಲ್ಲಿ ಈ ಕಾಯಿಲೆ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಬೇಕು, ಅಷ್ಟೆ. ಆದರೆ ನಾಳೆ ಬರುವ ಹೊಸ ಔಷಧ ಇಂಥವರಿಗೆ ಹೇಗೆ ಒಗ್ಗುತ್ತದೆ ಎಂದು ತಿಳಿಯಬೇಕಾದರೆ ಟ್ರಯಲ್‌ನಲ್ಲಿ ಇಂಥವರೂ ಇರಬೇಕು. ನಮ್ಮಲ್ಲಿನ ಟ್ರಯಲ್ ವರದಿಗಳಲ್ಲಿ ವಯಸ್ಸು, ಲಿಂಗ ನಮೂದಾಗಿರುತ್ತದೆ. ಬುಡಕಟ್ಟು ಯಾವುದು, ಮನೆಮಾತು ಯಾವುದು ಎಂಬ ಕಾಲಂ ಕಾಣುವುದು ಅಪರೂಪ.

ಅಂಜಿಕೆಗೂ ಕಾರಣವಿದೆ

‘ನಮ್ಮ ಮೇಲೆ ಪ್ರಯೋಗ ಮಾಡ್ತಾರೆ’ ಎಂಬ ಭಯವನ್ನು ಬರೀ ಅಜ್ಞಾನ ಎಂದು ತಳ್ಳಿಹಾಕುವಂತಿಲ್ಲ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು ಅಧ್ಯಯನದ ಭಾಗವಾಗಿ ಹೆಣ್ಣುಮಕ್ಕಳಿಗೆ ಹಾಕಲಾಯಿತು. ಅವರಲ್ಲಿ ಬುಡಕಟ್ಟಿನ ಹಾಸ್ಟೆಲ್ ಮಕ್ಕಳೂ ಇದ್ದರು. 2010ರ ಏಪ್ರಿಲ್‌ನಲ್ಲಿ ಅಧ್ಯಯನಕ್ಕೆ ತಡೆ ಬಿತ್ತು. ಪರಿಶೀಲಿಸಿದ 9,543 ಒಪ್ಪಿಗೆ ಪತ್ರಗಳಲ್ಲಿ 2,763ಕ್ಕೆ ಸಹಿ ಹಾಕಿದ್ದವರು ಹಾಸ್ಟೆಲ್ ವಾರ್ಡನ್‌ಗಳು! 1,948ರಲ್ಲಿ ಇದ್ದದ್ದು ಹೆಬ್ಬೆಟ್ಟು. ಸಂಸದೀಯ ಸ್ಥಾಯಿ ಸಮಿತಿ 2013ರ ವರದಿಯಲ್ಲಿ ಇದನ್ನು ಕಟುವಾಗಿ ಟೀಕಿಸಿತು. ಲಸಿಕೆ ಒಳ್ಳೆಯದೇ, ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಕೆಟ್ಟದ್ದು, ಕೇಳಬೇಕಾದವರನ್ನು ಕೇಳದೇ ಹೋದದ್ದು.

ಸರಿಯಾಗಿ ನಡೆದರೆ ಫಲ ಎಂಥದ್ದು ಎಂಬುದಕ್ಕೆ ಕೇರಳದಲ್ಲೇ ಸಾಕ್ಷಿ ಇದೆ. ತಿರುವನಂತಪುರ ಜಿಲ್ಲೆಯಲ್ಲಿ 1996ರಲ್ಲಿ ಆರಂಭವಾದ ಅಧ್ಯಯನದಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿ ಪರೀಕ್ಷಿಸಿದರು. ತಂಬಾಕು, ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ಶೇ 34ರಷ್ಟು ತಗ್ಗಿತು ಎಂದು 2005ರಲ್ಲಿ ಪ್ರಕಟವಾಯಿತು. ಎಲೆ ಅಡಿಕೆ ಜತೆ ಹೊಗೆಸೊಪ್ಪು ಜಗಿಯುವವರಿರುವ ಗಡಿ ಹಳ್ಳಿಗಳಿಗೆ ಇದು ನೇರ ಉಪಯೋಗದ ಮಾತು.

ದಾರಿಯೂ ಅಡ್ಡಿ, ಭಾಷೆಯೂ ಅಡ್ಡಿ

ಟ್ರಯಲ್ ನಡೆಯುವುದು ಹೆಚ್ಚಾಗಿ ದೊಡ್ಡ ಪಟ್ಟಣದ ಆಸ್ಪತ್ರೆಗಳಲ್ಲಿ. ಸೇರಿದವರು ಹೇಳಿದ ದಿನ ತಪ್ಪದೆ ಹೋಗಬೇಕು. ಇಲ್ಲಿಂದ ಆಚೆ ದಡಕ್ಕೆ ದೋಣಿ. ಬಂಡೀಪುರ ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿರ್ಬಂಧ. ಬಾವಲಿ ದಾರಿಗೂ ರಾತ್ರಿ ಗೇಟು. ಕೂಲಿ ಬಿಟ್ಟು, ಜತೆಗೊಬ್ಬರನ್ನು ಕರೆದುಕೊಂಡು ತಿಂಗಳಿಗೆರಡು ಸಲ ಹೋಗಿಬರೋದು ಯಾರ ಕೈಲಾಗುತ್ತೆ? ಪ್ರಯಾಣದ ಖರ್ಚು ಕೊಡದಿದ್ದರೆ ಇಂಥವರು ತಾವಾಗಿಯೇ ಪಟ್ಟಿಯಿಂದ ಹೊರಗೆ.

ಇನ್ನು ಭಾಷೆ. 2019ರ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ರೋಗಿಗೆ ಅರ್ಥವಾಗುವ ಭಾಷೆಯಲ್ಲೇ ವಿವರ ಕೊಟ್ಟು ಒಪ್ಪಿಗೆ ಪಡೆಯಬೇಕು. ಓದಲು ಬಾರದವರಿದ್ದರೆ ನಿಷ್ಪಕ್ಷಪಾತ ಸಾಕ್ಷಿಯೊಬ್ಬರು ಇರಲೇಬೇಕು. ಬುಡಕಟ್ಟು ಜನರ ನಡುವೆ ಸಂಶೋಧನೆ ನಡೆಸುವುದಾದರೆ ಅದರಿಂದ ಅವರಿಗೆ ಪ್ರಯೋಜನ ಇರಬೇಕು, ಸಂಬಂಧಪಟ್ಟ ಆಡಳಿತಾಧಿಕಾರಿಯ ಅನುಮತಿಯೂ ಬೇಕು ಎಂದು ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳುತ್ತದೆ. ಮಲಯಾಳ ಮಾತಾಡಲು ಬರುತ್ತದೆ ಎಂದ ಮಾತ್ರಕ್ಕೆ ನಾಲ್ಕಾರು ಪುಟದ ಮಲಯಾಳ ಒಪ್ಪಿಗೆ ಪತ್ರ ಓದಿ ಅರ್ಥವಾಗುತ್ತದೆ ಎಂದೇನಿಲ್ಲ. ಕಾಸರಗೋಡು, ಮಂಜೇಶ್ವರದಿಂದ ವಯನಾಡಿನವರೆಗೆ ಗಡಿ ಕನ್ನಡಿಗರು ಕನ್ನಡದಲ್ಲೇ ಪತ್ರ ಕೊಡಿ ಎಂದು ಕೇಳಬಹುದು. ಅದು ಬೇಡಿ ಪಡೆಯುವ ಉಪಕಾರವಲ್ಲ, ಹಕ್ಕು.

ಸಹಿಗೆ ಮುನ್ನ ಕೇಳಬೇಕಾದ್ದು

* ಇದು ಮಾಮೂಲು ಚಿಕಿತ್ಸೆಯೋ, ಟ್ರಯಲ್ಲೋ? ಟ್ರಯಲ್ ಆಗಿದ್ದರೆ ಸಿಟಿಆರ್‌ಐ ನೋಂದಣಿ ಸಂಖ್ಯೆ ಏನು? (2009ರ ಜೂನ್‌ನಿಂದ ಔಷಧ ಟ್ರಯಲ್ ನೋಂದಣಿ ಕಡ್ಡಾಯ. ವಿವರವನ್ನು ಯಾರು ಬೇಕಾದರೂ ನೋಡಬಹುದು.)
* ಟ್ರಯಲ್ ಸೇರದಿದ್ದರೆ ಯಾವ ಚಿಕಿತ್ಸೆ ಸಿಗುತ್ತದೆ?
* ಬಸ್ ಚಾರ್ಜು, ತಂಗುವ ಖರ್ಚು ಯಾರದು?
* ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಕೊಡುವವರು ಯಾರು? ರಾತ್ರಿ ಹೊತ್ತು ಯಾರಿಗೆ ಫೋನ್ ಮಾಡಬೇಕು?
* ಮನೆತನದ ಕಾಯಿಲೆ, ಅದರಲ್ಲೂ ಸಿಕಲ್ ಸೆಲ್, ದಾಖಲಾಗಿದೆಯೇ?

ಪತ್ರವನ್ನು ಮನೆಗೆ ಒಯ್ದು, ಓದಿಸಿಕೊಂಡು, ಹಿರಿಯರ ಜತೆ ಮಾತಾಡಿ ತೀರ್ಮಾನಿಸಬಹುದು. ಬೇಡ ಅನ್ನಿಸಿದರೆ ಯಾವ ಹಂತದಲ್ಲೂ ಹೊರಬರಬಹುದು. ಅದಕ್ಕಾಗಿ ಮಾಮೂಲು ಚಿಕಿತ್ಸೆಯನ್ನು ಯಾರೂ ನಿಲ್ಲಿಸುವಂತಿಲ್ಲ.