ಶ್ವಾಸಕೋಶದ ಅರ್ಬುದ: ಊತಕದ ಭೇದ, ಆಯುಸ್ಸಿನ ಭೇದ

ಚಳ್ಳಕೆರೆಯ ಕಂಬಳಿಯೂ ಮೊಳಕಾಲ್ಮೂರಿನ ರೇಷ್ಮೆ ಸೀರೆಯೂ ಬಟ್ಟೆಗಳೇ. ಆದರೆ ಎಳೆಯನ್ನು ಪರೀಕ್ಷಿಸಿದವನಿಗೆ ಅವುಗಳ ಗುಣವೂ ಬಾಳಿಕೆಯೂ ಬೇರೆಯೆಂಬುದು ವಿದಿತ. ಶ್ವಾಸಕೋಶದ ಅರ್ಬುದವೂ ಹಾಗೆಯೇ. ಎಕ್ಸ್‌ರೇ ಚಿತ್ರದಲ್ಲಿ ಒಂದೇ ತೆರನಾಗಿ ತೋರುವ ಗಂತಿಗಳ ಭೇದವು, ಅವುಗಳ ಊತಕದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ತಿಳಿಯುತ್ತದೆ.

ಮುಖ್ಯ ಬಗೆಗಳು ಮೂರು: ಚಪ್ಪಟೆ ಕೋಶದ್ದು, ಗ್ರಂಥಿಕೋಶದ್ದು, ಸಣ್ಣ ಕೋಶದ್ದು. ಮೊದಲೆರಡು ಒಂದೆಡೆ ನೆಲೆಸಿರುವಾಗಲೇ ಗೊತ್ತಾದರೆ, ಆ ಭಾಗವನ್ನು ಕತ್ತರಿಸಿ ತೆಗೆದು ರೋಗಿಯನ್ನು ಉಳಿಸಬಹುದು. ಸಣ್ಣ ಕೋಶದ್ದಾದರೋ ಬಹುಬೇಗ ದೇಹವೆಲ್ಲ ಹರಡುವುದರಿಂದ, ಶಸ್ತ್ರಚಿಕಿತ್ಸೆಯಿಂದ ಗುಣವಾಗುವುದು ವಿರಳ. ಔಷಧ, ವಿಕಿರಣಗಳೇ ಅದಕ್ಕೆ ಮುಖ್ಯ ಚಿಕಿತ್ಸೆ.

ಇದಕ್ಕೊಂದು ಪ್ರಸಿದ್ಧ ನಿದರ್ಶನವುಂಟು. 1933ರಲ್ಲಿ ಅಮೆರಿಕದ ಶಸ್ತ್ರವೈದ್ಯ ಎವರ್ಟ್ಸ್ ಗ್ರಹಾಮರು ರೋಗಿಯೊಬ್ಬನ ಎಡ ಶ್ವಾಸಕೋಶವನ್ನೇ ತೆಗೆದರು. ಅವನದು ಚಪ್ಪಟೆ ಕೋಶದ ಗಂತಿ. ಆತ ಮುಂದೆ ಸುಮಾರು ಮೂವತ್ತು ವರ್ಷ ಬದುಕಿದನು. ಗ್ರಹಾಮರಾದರೋ 1957ರಲ್ಲಿ ಸಣ್ಣ ಕೋಶದ ಅರ್ಬುದಕ್ಕೇ ತುತ್ತಾದರು.

ಆದರೂ ಬಗೆಯೊಂದೇ ಆಯುಸ್ಸನ್ನು ನಿರ್ಧರಿಸದು. ರೋಗವು ಎಷ್ಟು ಹಬ್ಬಿದೆಯೆಂಬುದೂ ಅಷ್ಟೇ ಮುಖ್ಯ. ಆದುದರಿಂದ ಬಿಡದ ಕೆಮ್ಮನ್ನೂ ಕಫದಲ್ಲಿನ ರಕ್ತವನ್ನೂ ಕ್ಷಯವೇ ಎಂದು ತಾವೇ ನಿಶ್ಚಯಿಸಿಕೊಂಡು ಕಾಲ ಕಳೆಯಬಾರದು. ಹಳ್ಳಿಯಿಂದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯವರೆಗಿನ ದಾರಿ ದೂರವೇ ಸರಿ. ತಡಮಾಡಿದರೆ ಗುಣವಾಗುವ ಬಗೆಯೂ ಕೈಮೀರುತ್ತದೆ.