ಕಲಿತ ವಿದ್ಯೆಯ ಋಣ: ಸ್ವಯಂಸೇವಕ ತೋಟಗಾರರಿಂದ ನಮಗೊಂದು ಪಾಠ



ಒಬ್ಬ ಪಶುವೈದ್ಯರಿಗೆ ಹತ್ತಾರು ಹಳ್ಳಿಗಳ ಹೊಣೆ. ಒಂದೂರಿನಲ್ಲಿ ಹಸುವಿನ ಕಷ್ಟದ ಹೆರಿಗೆ ಮಾಡಿಸುತ್ತಿರುವಾಗಲೇ ಇನ್ನೊಂದೂರಿನಿಂದ ಕರು ಭೇದಿ ಮಾಡುತ್ತಿದೆ ಎಂದು ಕರೆ ಬರುತ್ತದೆ. ಬರುವ ಕರೆಗಳೆಲ್ಲಕ್ಕೂ ವೈದ್ಯರೇ ಬರಬೇಕೆಂದಿಲ್ಲ. ಆದರೆ ಯಾವುದಕ್ಕೆ ವೈದ್ಯರು ಬೇಕು, ಯಾವುದಕ್ಕೆ ತಿಳಿವಳಿಕೆಯ ಮಾತು ಸಾಕು ಎಂದು ಊರಿನಲ್ಲೇ ಹೇಳಬಲ್ಲವರು ಬೇಕಲ್ಲವೇ? ಇಂಥದೇ ತೊಂದರೆಗೆ ಅಮೆರಿಕದಲ್ಲಿ ತೋಟಗಾರಿಕೆಯವರು ಕಂಡುಕೊಂಡ ದಾರಿಯನ್ನು ಇಲ್ಲಿ ವಿವರಿಸಲಾಗಿದೆ.

ಯೋಜನೆ ಹುಟ್ಟಿದ ಬಗೆ

ಅಮೆರಿಕದಲ್ಲಿ 1914ರ ಕಾಯಿದೆಯೊಂದರ ಮೂಲಕ ವಿಶ್ವವಿದ್ಯಾನಿಲಯಗಳ ಕೃಷಿ ಜ್ಞಾನವನ್ನು ಜನರಿಗೆ ತಲುಪಿಸುವ ವಿಸ್ತರಣಾ ಸೇವೆ ರೂಪುಗೊಂಡಿತು. ಬೋಧನೆ, ಸಂಶೋಧನೆ, ವಿಸ್ತರಣೆ ಈ ಮೂರನ್ನೂ ಒಂದೇ ಸಂಸ್ಥೆ ನಡೆಸುವ ಕ್ರಮ ಅದು. 1964ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ನಮ್ಮ ಕೃಷಿ ವಿಶ್ವವಿದ್ಯಾನಿಲಯವನ್ನೂ ಇದೇ ಮಾದರಿಯಲ್ಲಿ, ಅಮೆರಿಕದ ಟೆನೆಸ್ಸೀ ವಿಶ್ವವಿದ್ಯಾನಿಲಯದ ನೆರವಿನೊಂದಿಗೆ ಕಟ್ಟಲಾಯಿತು.

ಪಶ್ಚಿಮ ಕರಾವಳಿಯ ವಾಷಿಂಗ್ಟನ್ ರಾಜ್ಯದ ಸಿಯಾಟಲ್ ಮತ್ತು ಟಕೋಮಾ ನಗರಗಳ ಸುತ್ತ 1970ರ ದಶಕದ ಆರಂಭದಲ್ಲಿ ಮನೆ ತೋಟ ಮಾಡುವವರು ಬಹಳವಾದರು. ಟೊಮ್ಯಾಟೊ ಎಲೆ ಏಕೆ ಮುದುಡಿತು, ಗುಲಾಬಿಗೆ ಯಾವ ಹುಳು ಬಿದ್ದಿದೆ ಎಂದು ಎಲ್ಲರೂ ವಿಸ್ತರಣಾಧಿಕಾರಿಗಳನ್ನೇ ಕೇಳತೊಡಗಿದರು. ಇರುವ ಕೆಲವೇ ಅಧಿಕಾರಿಗಳಿಗೆ ಉತ್ತರಿಸಿ ಪೂರೈಸಲಾಗಲಿಲ್ಲ. ಆಗ ಡೇವಿಡ್ ಗಿಬಿ ಮತ್ತು ಬಿಲ್ ಶೀರ್ ಎಂಬ ಅಧಿಕಾರಿಗಳು, ಆಸಕ್ತಿಯುಳ್ಳ ತೋಟಗಾರರಿಗೇ ತರಬೇತಿ ಕೊಟ್ಟು ಜನರ ಪ್ರಶ್ನೆಗಳಿಗೆ ಅವರಿಂದಲೇ ಉತ್ತರ ಕೊಡಿಸುವ ಯೋಜನೆ ಹಾಕಿದರು. 1972ರಲ್ಲಿ ಟಕೋಮಾದ ಒಂದು ವ್ಯಾಪಾರ ಮಳಿಗೆಯಲ್ಲಿ ಸಸ್ಯ ಸಲಹಾ ಕೇಂದ್ರವನ್ನು ಪ್ರಾಯೋಗಿಕವಾಗಿ ನಡೆಸಿ, 1973ರಲ್ಲಿ ತರಬೇತಿ ಆರಂಭಿಸಿದರು. ಇವರಿಗೆ 'ಮಾಸ್ಟರ್ ಗಾರ್ಡನರ್' ಎಂದು ಹೆಸರಾಯಿತು. ಇಂದು ಈ ಯೋಜನೆ ಆ ದೇಶದ ಉದ್ದಗಲಕ್ಕೂ ಹರಡಿದೆ.

ಕಲಿಕೆಗೆ ಪ್ರತಿಯಾಗಿ ಸೇವೆ

ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾದರೂ ತಿರುಳು ಒಂದೇ. ವಿಶ್ವವಿದ್ಯಾನಿಲಯದವರು ಮಣ್ಣು, ಗೊಬ್ಬರ, ಕೀಟ, ರೋಗಗಳ ಬಗ್ಗೆ ಸಾಮಾನ್ಯವಾಗಿ 40 ಗಂಟೆಗೂ ಮಿಕ್ಕಿ ಪಾಠ ಹೇಳುತ್ತಾರೆ. ಕಲಿತವರು ಅದಕ್ಕೆ ಪ್ರತಿಯಾಗಿ ಗೊತ್ತುಪಡಿಸಿದಷ್ಟು ಗಂಟೆ ಸಂಬಳವಿಲ್ಲದೆ ಊರಿನ ಸೇವೆ ಮಾಡಬೇಕು. ಸಂತೆಯಲ್ಲಿ ಮೇಜು ಹಾಕಿ ಸಲಹೆ ಕೊಡುವುದು, ಶಾಲಾ ಮಕ್ಕಳಿಗೆ ಕೈತೋಟ ಕಲಿಸುವುದು, ದೂರವಾಣಿಯಲ್ಲಿ ಉತ್ತರಿಸುವುದು ಅವರ ಕೆಲಸ. ಬಿರುದು ಉಳಿಯಬೇಕಾದರೆ ಪ್ರತಿವರ್ಷ ಹೊಸ ಪಾಠ, ಹೊಸ ಸೇವೆ ಎರಡೂ ನಡೆಯಬೇಕು. ಆ ಬಿರುದನ್ನು ಸ್ವಂತ ವ್ಯಾಪಾರದ ಜಾಹೀರಾತಿಗೆ ಬಳಸುವಂತಿಲ್ಲ.

ಸಗಣಿ ಗೊಬ್ಬರದ ಒಂದು ಉದಾಹರಣೆ

ಹೈನುಗಾರರಿಗೂ ಸಂಬಂಧಿಸಿದ ಒಂದು ಪ್ರಸಂಗವನ್ನು ನೋಡೋಣ. ಗೊಬ್ಬರ ಹಾಕಿದ ಮೇಲೆ ಟೊಮ್ಯಾಟೊ, ಬೀನ್ಸ್ ಗಿಡಗಳ ಎಲೆ ತಿರುಚಿಕೊಂಡವು ಎಂದು ಒಬ್ಬರು ಬಂದು ಕೇಳುತ್ತಾರೆ ಎನ್ನಿ. ತರಬೇತಿ ಪಡೆದವರು ಕೂಡಲೇ ಔಷಧಿಯ ಹೆಸರು ಹೇಳುವುದಿಲ್ಲ. ಗೊಬ್ಬರ ಎಲ್ಲಿಂದ ಬಂತು, ಆ ದನ ಯಾವ ಹುಲ್ಲು ತಿಂದಿತ್ತು, ಹುಲ್ಲಿಗೆ ಕಳೆನಾಶಕ ಹೊಡೆದಿದ್ದರೇ ಎಂದು ವಿಚಾರಿಸುತ್ತಾರೆ. ಕ್ಲೋಪಿರಾಲಿಡ್, ಅಮಿನೋಪಿರಾಲಿಡ್ ಮುಂತಾದ ಕೆಲವು ಕಳೆನಾಶಕಗಳು ಹುಲ್ಲಿನೊಡನೆ ಹಸುವಿನ ಹೊಟ್ಟೆ ಸೇರಿದರೂ ಕರಗದೆ ಸಗಣಿ, ಗಂಜಲದಲ್ಲಿ ಹೊರಬರುತ್ತವೆ. ಹಸು ಆರೋಗ್ಯವಾಗಿಯೇ ಕಂಡರೂ ಅದರ ಗೊಬ್ಬರ ಬಿದ್ದ ಗಿಡ ಸೊರಗುತ್ತದೆ. ಬ್ರಿಟನ್ನಿನಲ್ಲಿ 2008ರಲ್ಲಿ ಇಂಥ ಗೊಬ್ಬರದಿಂದ ಅನೇಕರ ತರಕಾರಿ ತೋಟಗಳು ಹಾಳಾದವು.

ಇದನ್ನು ಪತ್ತೆಮಾಡಲು ಸುಲಭವಾದ ಪರೀಕ್ಷೆಯಿದೆ. ಮೂರು ಕುಂಡಗಳಲ್ಲಿ ಗೊಬ್ಬರ ಬೆರೆಸಿದ ಮಣ್ಣು, ಇನ್ನು ಮೂರರಲ್ಲಿ ಬರೀ ಒಳ್ಳೆಯ ಮಣ್ಣು ತುಂಬಿ, ಎಲ್ಲದರಲ್ಲೂ ಬೀನ್ಸ್ ಅಥವಾ ಬಟಾಣಿ ಬೀಜ ಊರಬೇಕು. ಎರಡು-ಮೂರು ವಾರ ನೋಡಬೇಕು. ಗೊಬ್ಬರದ ಕುಂಡಗಳಲ್ಲಿ ಮಾತ್ರ ಎಲೆ ಮುದುಡಿದರೆ ಆ ಗೊಬ್ಬರವನ್ನು ತರಕಾರಿಗೆ ಹಾಕಬಾರದು. ಹೀಗೆ ವಿಚಾರಿಸಿ ತಿಳಿಯುವವರು ನೆರೆಯಲ್ಲಿದ್ದರೆ ಒಂದು ಬೆಳೆ ಉಳಿಯುತ್ತದೆ. ಬೇಡದ ಔಷಧಿಯ ಖರ್ಚೂ ತಪ್ಪುತ್ತದೆ.

ಎಲ್ಲಿ ನಿಲ್ಲಬೇಕು?

ಈ ಸ್ವಯಂಸೇವಕರು ಸಂಶೋಧನೆಯಿಂದ ಖಚಿತವಾದುದನ್ನು ಮಾತ್ರ ಹೇಳಬೇಕು. ತಿಳಿಯದಿದ್ದರೆ ತಿಳಿಯದು ಎಂದು ಹೇಳಿ, ಗಿಡದ ಮಾದರಿಯನ್ನು ವಿಶ್ವವಿದ್ಯಾನಿಲಯಕ್ಕೆ ಕಳಿಸಬೇಕು. ಯೋಜನೆ ಇಷ್ಟು ಕಾಲ ಉಳಿದು ಬೆಳೆದುದರಲ್ಲಿ ಈ ನಿಯಮದ ಪಾತ್ರ ದೊಡ್ಡದು. ಅರೆತಿಳಿವಳಿಕೆಯ ಸಲಹೆಯಿಂದ ಗಿಡ ಹೋದರೆ ಮತ್ತೊಂದು ನೆಡಬಹುದು. ಕರೆಯುವ ಹಸು ಹೋದರೆ ಒಂದು ಸಂಸಾರದ ಆದಾಯವೇ ಹೋಗುತ್ತದೆ.

ನಮ್ಮ ಸಂಘಗಳಲ್ಲಿ

ನಮ್ಮ ಸಂಘಗಳಲ್ಲಿ ತರಬೇತಿ ಪಡೆದ ಕೃತಕ ಗರ್ಭಧಾರಣೆ ಮತ್ತು ಪ್ರಥಮ ಚಿಕಿತ್ಸೆ ಕಾರ್ಯಕರ್ತರಿದ್ದಾರೆ. ಅವರು ಸ್ವಯಂಸೇವಕರಲ್ಲವಾದರೂ ಊರಿನವರೇ ಕಲಿತು ಊರಿಗೆ ನೆರವಾಗುವ ತತ್ವ ಒಂದೇ. ಅವರಿಂದ ಪೂರ್ಣ ಪ್ರಯೋಜನ ಪಡೆಯಲು ಸದಸ್ಯರು ಈ ಕೆಳಗಿನವನ್ನು ಪಾಲಿಸಬೇಕು:

1. ಹಸು ಬೆದೆಗೆ ಬಂದ ಹೊತ್ತನ್ನು ಸರಿಯಾಗಿ ತಿಳಿಸಿ. ಬೆಳಿಗ್ಗೆ ಬೆದೆ ಕಂಡರೆ ಅಂದು ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸುವುದು ಸೂಕ್ತ.

2. ಕಾಯಿಲೆಯಾದಾಗ ಹಿಂದಿನ ದಿನ ತಿಂದ ಮೇವು, ಈಗಾಗಲೇ ಕೊಟ್ಟ ಔಷಧಿ, ಇಳಿದ ಹಾಲಿನ ಪ್ರಮಾಣ ಇವನ್ನು ಮುಚ್ಚಿಡದೆ ಹೇಳಿ.

3. ಎಳೆಯ ಜೋಳದ ಪೈರು ಅಥವಾ ಬೇಲಿಯ ಕಣಗಿಲೆ ಸೊಪ್ಪು ತಿಂದಿರುವ ಅನುಮಾನವಿದ್ದರೆ, ಮನೆಮದ್ದು ಮಾಡುತ್ತ ಕೂಡದೆ ವೈದ್ಯರನ್ನೇ ಕರೆಸಿ. ಉಳಿದ ಮೇವನ್ನು ತೋರಿಸಲು ತೆಗೆದಿಡಿ.

4. 'ಇದು ನನ್ನ ಕೈಮೀರಿದ್ದು, ಡಾಕ್ಟರನ್ನು ಕರೆಸಿ' ಎಂದು ಕಾರ್ಯಕರ್ತರು ಹೇಳಿದರೆ, ಒಂದು ಇಂಜೆಕ್ಷನ್ ಹಾಕಿಬಿಡಿ ಎಂದು ಒತ್ತಾಯಿಸಬೇಡಿ. ಅವರು ಸರಿಯಾಗಿ ಕಲಿತಿದ್ದಾರೆ ಎಂಬುದಕ್ಕೆ ಆ ಮಾತೇ ಸಾಕ್ಷಿ.

ತರಬೇತಿಗೆ ನಿಮ್ಮ ಊರಿನಿಂದ ಒಬ್ಬರನ್ನು ಆರಿಸುವ ಸಂದರ್ಭ ಬಂದಾಗ, ಓದು ಬಲ್ಲವರೇ ಎಂದು ನೋಡುವುದರ ಜೊತೆಗೆ, ಅವೇಳೆಯಲ್ಲಿ ಕದ ತಟ್ಟಿದರೂ ಬೇಸರಿಸದವರೇ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಬಲ್ಲವರೇ ಎಂದೂ ನೋಡಿ ಕಳುಹಿಸಿ. ಅಂಥವರು ಕಲಿತು ಬಂದರೆ ಅದರ ಫಲ ಊರಿನ ಪ್ರತಿ ಕೊಟ್ಟಿಗೆಗೂ ತಲುಪುತ್ತದೆ.