ಮಣ್ಣಿನಲ್ಲಿದ್ದರೆ ಸಾಕೆ, ಬೇರಿಗೆ ಸಿಗಬೇಡವೆ?



ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನಲ್ಲಿ ಜಾಲಹಳ್ಳಿ ಎಂಬ ಊರಿದೆ. ಈ ತಾಲ್ಲೂಕಿಗೆ ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆ, ನೆರೆಯ ಮಾನ್ವಿಗೆ ತುಂಗಭದ್ರಾ ಎಡದಂಡೆ ಕಾಲುವೆ ನೀರು ತಂದಿವೆ. ಜೋಳ, ಹತ್ತಿ ಬೆಳೆಯುತ್ತಿದ್ದ ಎರೆ ಹೊಲಗಳಲ್ಲಿ ಅನೇಕವು ಭತ್ತದ ಗದ್ದೆಗಳಾದವು. ಇಂಥ ಗದ್ದೆಯಲ್ಲಿ ನಾಟಿಯಾದ ಎರಡು ಮೂರು ವಾರಕ್ಕೆ ಪೈರು ಏಳದೆ, ಹಳೆಯ ಎಲೆಗಳ ಮೇಲೆ ತುಕ್ಕು ಬಣ್ಣದ ಚುಕ್ಕೆಗಳು ಕಾಣುವುದುಂಟು. ಗೊಬ್ಬರ ಸಾಲದೆಂದು ರೈತ ಇನ್ನೊಂದು ಚೀಲ ಡಿ.ಎ.ಪಿ. ಎರಚುತ್ತಾನೆ. ಹಣ ಹೋಗುತ್ತದೆ, ಪೈರು ಮಾತ್ರ ಚೇತರಿಸುವುದಿಲ್ಲ. ಏಕೆ?

ಉತ್ತರ ಭಾರತದಲ್ಲಿ ಇದನ್ನು 'ಖೈರಾ' ರೋಗವೆನ್ನುತ್ತಿದ್ದರು. 1966ರಲ್ಲಿ ಪಂತನಗರದ ವಿಜ್ಞಾನಿ ವೈ. ಎಲ್. ನೆನೆ ಅವರು ಇದಕ್ಕೆ ಸತುವಿನ ಕೊರತೆಯೇ ಕಾರಣವೆಂದು ತೋರಿಸಿದರು.

ಹಾಗಾದರೆ ಎರೆಮಣ್ಣಿನಲ್ಲಿ ಸತುವೇ ಇಲ್ಲವೆ? ಇದೆ, ಆದರೆ ಬೇರಿಗೆ ಸಿಗುವ ರೂಪದಲ್ಲಿಲ್ಲ. ಸಸ್ಯಕ್ಕೆ ಬೇಕಾದ 17 ಮೂಲಧಾತುಗಳಲ್ಲಿ ಇಂಗಾಲ, ಜಲಜನಕ, ಆಮ್ಲಜನಕಗಳು ಗಾಳಿ ಮತ್ತು ನೀರಿನಿಂದ ಬರುತ್ತವೆ. ಉಳಿದ 14 ಮಣ್ಣಿನಿಂದ ಬರಬೇಕು, ಅದೂ ನೀರಿನಲ್ಲಿ ಕರಗಿ. ಸುಣ್ಣದ ಅಂಶ ಹೆಚ್ಚಿರುವ ಕ್ಷಾರೀಯ ಮಣ್ಣಿನಲ್ಲಿ ಸತು ಸುಲಭವಾಗಿ ಕರಗುವುದಿಲ್ಲ. ನೀರು ನಿಂತಾಗ ಅದು ಇನ್ನಷ್ಟು ವಿರಳವಾಗುತ್ತದೆ. ಇದರ ಮೇಲೆ ಡಿ.ಎ.ಪಿ.ಯ ರಂಜಕ ಅತಿಯಾದರೆ, ಬೇರಿನಿಂದ ಎಲೆಗೆ ಸತು ಸಾಗುವುದು ಕುಗ್ಗುತ್ತದೆ. ಕೊರತೆ ನೀಗಲು ಹಾಕಿದ ಗೊಬ್ಬರವೇ ಕೊರತೆಯನ್ನು ಹೆಚ್ಚಿಸಿದಂತಾಯಿತು!

ಅದೇ ಮಣ್ಣಿನಲ್ಲಿ ಶೇಂಗಾ ಬಿತ್ತಿ ನೋಡಿ. ಈಗ ಎಳೆಯ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿಯಬಹುದು. ಇದು ಕಬ್ಬಿಣದ ಕೊರತೆ. ನೀರು ನಿಂತ ಗದ್ದೆಯಲ್ಲಿ ಕಬ್ಬಿಣ ಕರಗುವ ರೂಪಕ್ಕೆ ಬರುವುದರಿಂದ ಭತ್ತಕ್ಕೆ ಅದು ದೊರೆಯುತ್ತದೆ. ಗಾಳಿಯಾಡುವ ಹೊಲದಲ್ಲಿ ಶೇಂಗಾಕ್ಕೆ ದೊರೆಯದು. ಮಣ್ಣು ಒಂದೇ ಆದರೂ ನೀರಿನ ಸ್ಥಿತಿ ಬದಲಾದರೆ ಕೊರತೆಯೂ ಬದಲಾಗುತ್ತದೆ.

ಪೋಷಕಾಂಶಗಳ ನಡುವೆ ಪೈಪೋಟಿಯೂ ಉಂಟು, ಸಹಕಾರವೂ ಉಂಟು. ಪೊಟ್ಯಾಷ್ ಅತಿಯಾದರೆ ಬೇರು ಮೆಗ್ನೀಸಿಯಮನ್ನು ಕಡಿಮೆ ಹೀರುತ್ತದೆ. ಸಾರಜನಕ ಮತ್ತು ಗಂಧಕ ಮಾತ್ರ ಜೊತೆಗಾರರು. ಪ್ರೋಟೀನ್ ತಯಾರಿಕೆಗೆ ಎರಡೂ ಬೇಕಾದ್ದರಿಂದ, ಗಂಧಕವಿಲ್ಲದಿದ್ದರೆ ಯೂರಿಯಾ ಹಾಕಿಯೂ ಪೂರ್ಣ ಫಲ ಸಿಗದು.

ಪರಿಹಾರವೇನು? ಸತು ಕೊರತೆಯಿರುವ ಗದ್ದೆಗೆ ನಾಟಿಗೆ ಮುಂಚೆ ಹೆಕ್ಟೇರಿಗೆ ಸುಮಾರು 25 ಕಿಲೋಗ್ರಾಂ ಸತುವಿನ ಸಲ್ಫೇಟ್ ಕೊಡುವುದು ರೂಢಿ. ಇದನ್ನು ಡಿ.ಎ.ಪಿ. ಜೊತೆ ಬೆರೆಸಬಾರದು, ಬೆರೆಸಿದರೆ ಎರಡೂ ಕೂಡಿ ಕರಗದ ವಸ್ತುವಾಗುತ್ತವೆ. ಸತುವನ್ನೂ ಅತಿಯಾಗಿ ಹಾಕುವಂತಿಲ್ಲ. ಅದು ಹೆಚ್ಚಾದರೆ ಕಬ್ಬಿಣಕ್ಕೆ ಅಡ್ಡಿ. ಕೊಟ್ಟಿಗೆ ಗೊಬ್ಬರ ಹಾಕಿದರೆ ಅದರಲ್ಲಿನ ಸಾವಯವ ಆಮ್ಲಗಳು ಸತು, ಕಬ್ಬಿಣಗಳನ್ನು ಬೇರಿಗೆ ಸಿಗುವಂತೆ ಹಿಡಿದಿಡುತ್ತವೆ.

ಎಲ್ಲಕ್ಕೂ ಮೊದಲು ಮಣ್ಣು ಪರೀಕ್ಷೆಯಾಗಬೇಕು. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಕಾರ್ಡ್ ಯೋಜನೆಯಲ್ಲಿ ಸತು, ಕಬ್ಬಿಣ, ಗಂಧಕ ಸೇರಿ 12 ಅಂಶಗಳ ಪರೀಕ್ಷೆಗೆ ಅವಕಾಶವಿದೆ. ನಿಮ್ಮ ಮನೆಯಲ್ಲಿ ಆ ಕಾರ್ಡ್ ಇದ್ದರೆ ಇಂದೇ ತೆಗೆದು ಓದಿ. ಮೊದಲು ರಸಸಾರ ನೋಡಿ, ಬಳಿಕ ರಂಜಕ ಮತ್ತು ಸತುವಿನ ಸಾಲುಗಳನ್ನು ಒಟ್ಟಿಗೆ ನೋಡಿ. ಮುಂದಿನ ಚೀಲ ಗೊಬ್ಬರ ಕೊಳ್ಳುವ ಮುನ್ನ ಆ ಮೂರು ಅಂಕಿಗಳನ್ನು ತಂದೆತಾಯಿಗೆ ಓದಿ ಹೇಳಿ. ನಿಮ್ಮ ರಸಾಯನಶಾಸ್ತ್ರದ ಪಾಠ ಹೊಲಕ್ಕೆ ಉಪಯೋಗವಾಗುವುದು ಹೀಗೆ.